ಹಳೆ ಮಡಚು ಚೂರಿಯ ವಯಸ್ಸು ಕಂಡುಹಿಡಿಯುವುದು ಹೇಗೆ: ಕಾಸರಗೋಡಿನ ಸಂಗ್ರಾಹಕರಿಗೊಂದು ಸಮಗ್ರ ಮಾರ್ಗದರ್ಶಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಹಳೆ ತೋಟದ ಮನೆಗಳಲ್ಲಿ ಹುಡುಕಿದರೆ ಒಂದಾದರೂ ಮಡಚು ಚೂರಿ ಸಿಗುತ್ತದೆ. ಅಜ್ಜನ ಎಲೆ ಅಡಿಕೆ ಸಂಚಿಯಲ್ಲೋ, ಕಪಾಟಿನ ಮೂಲೆಯಲ್ಲೋ, ಅಟ್ಟದ ಮೇಲಿನ ಟ್ರಂಕಿನ ತಳದಲ್ಲೋ ಇರುತ್ತದೆ. ಕೆಲವು ಇಂಗ್ಲೆಂಡಿನ ಶೆಫೀಲ್ಡಿನವು, ಕೆಲವು ಜರ್ಮನಿಯ ಸೋಲಿಂಗನ್‌ನವು, ಕೆಲವು ಗಲ್ಫಿನಿಂದ ಬಂದವು. ಮನೆಯವರನ್ನು ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: "ತುಂಬಾ ಹಳೇದು, ಬ್ರಿಟಿಷರ ಕಾಲದ್ದು." ಆದರೆ ಬ್ರಿಟಿಷರ ಕಾಲ ಅಂದರೆ ಸಣ್ಣ ಅವಧಿಯಲ್ಲ. 1860ರ ಚೂರಿಗೂ 1940ರ ಚೂರಿಗೂ ತುಂಬಾ ವ್ಯತ್ಯಾಸ ಇದೆ. ಆ ವ್ಯತ್ಯಾಸ ಹಿಡಿಯುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ನಿಯಮ

ಹೊಸಬರು ಸಾಮಾನ್ಯವಾಗಿ ಚೂರಿಯ ಮೇಲಿನ ಅತಿ ಹಳೆಯ ಗುರುತನ್ನು ಹಿಡಿದುಕೊಳ್ಳುತ್ತಾರೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ ಗುರುತು 1682ರದು. ಸೋಲಿಂಗನ್‌ನ ಹೆಂಕೆಲ್ಸ್ ಕಂಪನಿಯ ಅವಳಿ ಗೊಂಬೆಗಳ ಗುರುತು 1731ರದು. ಇಂಟರ್ನೆಟ್ಟಿನಲ್ಲಿ ಆ ವರ್ಷ ಕಂಡ ಕೂಡಲೇ ತಮ್ಮ ಚೂರಿಯೂ ಮುನ್ನೂರು ವರ್ಷ ಹಳೆಯದು ಅಂದುಕೊಂಡವರು ಜಾಸ್ತಿ. ಆ ಗುರುತುಗಳು ಮುಂದೆ ನೂರಾರು ವರ್ಷ ಬಳಕೆಯಲ್ಲಿದ್ದವು.

ಚೂರಿಯ ಮೇಲಿನ ಹೆಚ್ಚಿನ ಸುಳಿವುಗಳು ಹೇಳುವುದು ಇಷ್ಟನ್ನೇ: ಈ ಚೂರಿ ಇಂಥ ವರ್ಷಕ್ಕಿಂತ ಮೊದಲಿನದಲ್ಲ. ಹಾಗಾಗಿ ಎಲ್ಲಾ ಸುಳಿವು ಸೇರಿಸಿ, ಅವುಗಳಲ್ಲಿ ತೀರಾ ಈಚಿನದು ಯಾವುದು ಅಂತ ನೋಡಬೇಕು. ಚೂರಿಯ ವಯಸ್ಸು ಅಲ್ಲಿಂದ ಶುರುವಾಗುತ್ತದೆ. ಯಾವುದಾದರೂ ಭಾಗ ಆಮೇಲೆ ಬದಲಾದದ್ದು ಅಂತ ಖಚಿತವಾದರೆ ಮಾತ್ರ ಅದನ್ನು ಲೆಕ್ಕದಿಂದ ಬಿಡಬಹುದು. ಮುಂದೆ ಬರುವುದೆಲ್ಲ ಈ ನಿಯಮವನ್ನು ಬಳಸುವ ದಾರಿಗಳೇ.

ಎಲ್ಲಿ ಹುಡುಕುವುದು

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಪ್ರತ್ಯೇಕ ಮಾರುಕಟ್ಟೆ ಇಲ್ಲ. ಒಳ್ಳೆಯ ಚೂರಿ ಸಿಗುವುದು ಮನೆಗಳಲ್ಲಿ, ಆಮೇಲೆ ಗುಜರಿ ಅಂಗಡಿಗಳಲ್ಲಿ. ಹಳೆ ಮನೆ ಕೆಡವುವಾಗ, ಪಾಲಾಗುವಾಗ, ಅಟ್ಟ ಖಾಲಿ ಮಾಡುವಾಗ ಸಣ್ಣ ಸಾಮಾನೆಲ್ಲ ಗೋಣಿಯಲ್ಲಿ ತುಂಬಿ ಗುಜರಿಗೆ ಹೋಗುತ್ತದೆ. ಕಾಸರಗೋಡು, ಕುಂಬಳೆ, ಉಪ್ಪಳ, ಕಾಞಂಗಾಡಿನ ಗುಜರಿಯವರ ಹತ್ತಿರ ಪರಿಚಯ ಇಟ್ಟುಕೊಳ್ಳಿ. ಕೇಳುವಾಗ ಜನರ ಮಾತಿನಲ್ಲೇ ಕೇಳಿ. ಹವ್ಯಕರ ಮನೆಯಲ್ಲಿ ಪೀಶಕತ್ತಿ, ತುಳುವರ ಹತ್ತಿರ ಬೀಸತ್ತಿ, ಮಲಯಾಳ ಮಾತಾಡುವವರ ಹತ್ತಿರ ಪಿಚ್ಚಾತ್ತಿ ಅಥವಾ ಪೇನಾಕತ್ತಿ ಅಂದರೆ ಬೇಗ ಅರ್ಥವಾಗುತ್ತದೆ. "ಆ್ಯಂಟಿಕ್ ಚೂರಿ ಇದೆಯಾ" ಅಂತ ಕೇಳಿದರೆ ಬೆಲೆ ಏರುತ್ತದೆ, ಚೂರಿ ಮಾತ್ರ ಬರುವುದಿಲ್ಲ.

ಮನೆಗಳಲ್ಲಿ ಸಿಗುವ ಚೂರಿಗೆ ದೊಡ್ಡ ಲಾಭ ಒಂದಿದೆ. ಅದು ಯಾರದ್ದಾಗಿತ್ತು, ಅವರು ಎಲ್ಲಿದ್ದರು ಅಂತ ಹೇಳುವವರು ಇನ್ನೂ ಇದ್ದಾರೆ. ಮುಂಬಯಿಯ ಹೋಟೆಲಿನಲ್ಲಿ ದುಡಿದು ಬಂದವರು, ಕೊಲಂಬೊಗೆ ಹೋಗಿ ಬಂದವರು, ಮಂಗಳೂರಿನಲ್ಲಿ ಕಲಿತು ವಕೀಲರಾದವರು ತಂದ ಚೂರಿಗಳು ಬೇರೆ ಬೇರೆ ಥರ ಇರುತ್ತವೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನಮ್ಮ ಊರು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕೋರ್ಟು ಕಚೇರಿ, ಅಡಿಕೆ ವ್ಯಾಪಾರ, ಓದು ಎಲ್ಲಕ್ಕೂ ಜನ ಮಂಗಳೂರಿಗೇ ಹೋಗುತ್ತಿದ್ದರು. ಮನೆಯವರು ಹೇಳುವ ಕತೆ ಕೇಳುವಾಗ ಈ ಹಿನ್ನೆಲೆ ತಲೆಯಲ್ಲಿರಲಿ.

ಕೈಗೆ ಬಂದ ಮೇಲೆ: ಉಜ್ಜಬೇಡಿ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹುಣಸೆಹುಳಿ, ಬೂದಿ, ಸ್ಯಾಂಡ್‌ಪೇಪರ್, ಗ್ರೈಂಡರ್ ಯಾವುದೂ ಬೇಡ. ಚೂರಿಯ ವಯಸ್ಸು ಹೇಳುವ ಮುದ್ರೆ ಕೂದಲೆಳೆಯಷ್ಟೇ ಆಳ ಇರುತ್ತದೆ. ಒಮ್ಮೆ ಉಜ್ಜಿ ಹೋದರೆ ಮತ್ತೆ ಯಾವ ಪರಿಣತರೂ ಓದಲಾರರು. ಹುಣಸೆಹುಳಿಯ ಆಮ್ಲ ಸಂದಿಯೊಳಗೆ ಉಳಿದು ಸ್ಪ್ರಿಂಗನ್ನು ಒಳಗಿನಿಂದ ತಿನ್ನುತ್ತದೆ.

ಚೂರಿ ತುಕ್ಕು ಹಿಡಿದು ತೆರೆಯುತ್ತಿಲ್ಲವಾದರೆ ಕೀಲಿಗೆ ಹೊಲಿಗೆ ಮಿಷನಿನ ಎಣ್ಣೆ ಒಂದೆರಡು ಹನಿ ಬಿಟ್ಟು ಒಂದು ರಾತ್ರಿ ಇಡಿ. ಸಾಲದಿದ್ದರೆ ಮತ್ತೆ ಬಿಡಿ. ಇಕ್ಕಳ ಹಾಕಿ ಎಳೆಯಬೇಡಿ, ಅಲಗಿನ ಮೇಲೆ ಹಲ್ಲಿನ ಗುರುತು ಬೀಳುತ್ತದೆ. ಅಲಗು ತೆರೆಯಲು ಉಗುರು ಸಿಕ್ಕಿಸುವ ಸೀಳು ಇದೆಯಲ್ಲ, ತೆಳ್ಳಗಿನ ಮರದ ಚಕ್ಕೆಯನ್ನು ಅದಕ್ಕೆ ಸಿಕ್ಕಿಸಿ ನಿಧಾನವಾಗಿ ಎತ್ತಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಹಳೆ ಸ್ಪ್ರಿಂಗ್ ಹಠಾತ್ತಾಗಿ ಬಿಟ್ಟುಕೊಟ್ಟಾಗ ಬೆರಳು ಕೊಯ್ಯುತ್ತದೆ. ಮೂಳೆಯ ಹಿಡಿ ಇರುವ ಚೂರಿಯನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವುದು ಬೇಡ. ಮೂಳೆ ಎಣ್ಣೆ ಹೀರಿ ಬಣ್ಣ ಕೆಡುತ್ತದೆ.

ಮುಟ್ಟುವ ಮೊದಲೇ ಎರಡೂ ಬದಿಯ ಫೋಟೋ ತೆಗೆದಿಡಿ.

ಅಲಗಿನ ಬುಡದ ಮುದ್ರೆ ಓದುವುದು

ಅಲಗು ಹಿಡಿಯೊಳಗೆ ಸೇರುವ ಜಾಗದಲ್ಲಿ, ಹರಿತ ಇಲ್ಲದ ಚಪ್ಪಟೆ ಭಾಗವಿದೆಯಲ್ಲ, ಅದೇ ಬುಡ. ತಯಾರಕರ ಮುದ್ರೆ ಇರುವುದು ಅಲ್ಲೇ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ, ಅಕ್ಕಸಾಲಿಗರು ಬಳಸುವ ಥರದ ಲೆನ್ಸ್ ಒಂದು ತೆಗೆದುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಲಗಿಗೆ ಸಮವಾಗಿ, ಪಕ್ಕದಿಂದ ಬಿಡಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ನೆರಳಾಗಿ ಏಳುತ್ತದೆ. ಆಗಲೂ ಕಾಣದಿದ್ದರೆ ಚಿಟಿಕೆ ಟಾಲ್ಕಂ ಪೌಡರ್ ಸವರಿ, ಮೆತ್ತನೆ ಬ್ರಷ್ಷಿನಿಂದ ಒರೆಸಿ. ಹಳ್ಳದಲ್ಲಿ ಬಿಳಿ ಉಳಿದು ಅಕ್ಷರ ತೋರುತ್ತದೆ. ಎರಡನೇ ಅಲಗು, ಮುದ್ರೆಯ ಹಿಂಬದಿ ಎರಡನ್ನೂ ನೋಡಿ. ಕಂಡದ್ದನ್ನು ಕಂಡ ಹಾಗೆಯೇ, ಸಾಲು ಸಾಲಾಗಿ ಬರೆದುಕೊಳ್ಳಿ. ಊಹಿಸಿದ ಅಕ್ಷರದ ಕೆಳಗೆ ಗೆರೆ ಎಳೆಯಿರಿ.

ಈಗ ಆ ಅಕ್ಷರಗಳಿಂದ ಏನು ತಿಳಿಯುತ್ತದೆ ನೋಡೋಣ.

ದೇಶದ ಹೆಸರು ಮೊದಲ ಸುಳಿವು. ಬ್ರಿಟನ್ 1887ರಲ್ಲಿ ಸರಕಿನ ಗುರುತುಗಳ ಬಗ್ಗೆ ಕಾಯ್ದೆ ತಂದಿತು. ಜರ್ಮನಿಯ ಮಾಲು ಶೆಫೀಲ್ಡ್ ಮಾಲಿನ ವೇಷದಲ್ಲಿ ಬರುತ್ತಿದ್ದದ್ದು ಅದಕ್ಕೆ ದೊಡ್ಡ ಕಾರಣ. ಭಾರತದಲ್ಲಿ ಅಂಥದ್ದೇ ಕಾಯ್ದೆ 1889ರಲ್ಲಿ ಬಂತು. ಅಮೆರಿಕ 1890ರ ಸುಂಕದ ಕಾಯ್ದೆಯಲ್ಲಿ ಆಮದು ಸರಕಿನ ಮೇಲೆ ದೇಶದ ಹೆಸರು ಕಡ್ಡಾಯ ಮಾಡಿತು. ಹಾಗಾಗಿ ಮುದ್ರೆಯಲ್ಲಿ "ಇಂಗ್ಲೆಂಡ್" ಅಥವಾ "ಜರ್ಮನಿ" ಅಂತ ಇದ್ದರೆ ಚೂರಿ ಸಾಮಾನ್ಯವಾಗಿ 1890ರ ಆಸುಪಾಸು ಅಥವಾ ಅದರ ನಂತರದ್ದು. ಬರೀ "ಶೆಫೀಲ್ಡ್" ಅಂತಿದ್ದರೆ ಮೊದಲಿನದಿರಬಹುದು, ಇಲ್ಲದಿರಲೂಬಹುದು. ಹೆಸರು ಇಲ್ಲ ಅನ್ನುವುದು ಗಟ್ಟಿ ಸಾಕ್ಷಿಯಲ್ಲ. "ಮೇಡ್ ಇನ್ ಇಂಗ್ಲೆಂಡ್" ಅನ್ನುವ ಪೂರ್ತಿ ಮಾತು ಜಾಸ್ತಿ ಕಾಣುವುದು ಇಪ್ಪತ್ತನೇ ಶತಮಾನದಲ್ಲಿ.

ಇನ್ನೂ ನೇರವಾದ ಸುಳಿವುಗಳಿವೆ. "ವೆಸ್ಟ್ ಜರ್ಮನಿ" ಅಂತ ಇದ್ದರೆ 1949ರಿಂದ 1990ರ ನಡುವಿನದು. "ಆಕ್ಯುಪೈಡ್ ಜಪಾನ್" ಅಂದರೆ 1945ರಿಂದ 1952. "ಪಾಕಿಸ್ತಾನ್" ಅಂತ ಇದ್ದರೆ 1947ರ ಆಗಸ್ಟ್ ನಂತರದ್ದು. ಈಗ ಪಾಕಿಸ್ತಾನದಲ್ಲಿರುವ ವಜೀರಾಬಾದಿನ ಚೂರಿಗಳು ವಿಭಜನೆಗೆ ಮೊದಲೂ ಪ್ರಸಿದ್ಧವೇ, ಆಗ ಅವು ಭಾರತದ ಮಾಲು.

ರಾಜಮನೆತನದ ಅಕ್ಷರಗಳು ಎರಡನೇ ಸುಳಿವು. ಕಿರೀಟದ ಎರಡು ಬದಿ ವಿ ಮತ್ತು ಆರ್ ಇದ್ದರೆ ವಿಕ್ಟೋರಿಯಾ ರಾಣಿ, 1837ರಿಂದ 1901. ಇ ಮತ್ತು ಆರ್ ಇದ್ದರೆ ಏಳನೇ ಎಡ್ವರ್ಡ್, 1901ರಿಂದ 1910, ಇಲ್ಲವೇ 1952ರ ನಂತರದ ಎಲಿಜಬೆತ್. ಜಿ ಮತ್ತು ಆರ್ ಇದ್ದರೆ ಜಾರ್ಜ್ ಹೆಸರಿನ ರಾಜರು: ಐದನೆಯವರು 1910ರಿಂದ 1936, ಆರನೆಯವರು 1936ರಿಂದ 1952, ತೀರಾ ಹಳೆಯದಾದರೆ 1830ಕ್ಕೆ ಮೊದಲಿನ ಜಾರ್ಜರು. "ಹರ್ ಮೆಜೆಸ್ಟಿ", "ಹಿಸ್ ಮೆಜೆಸ್ಟಿ" ಅನ್ನುವ ಮಾತುಗಳನ್ನೂ ಹಾಗೆಯೇ ಓದಿ. ಇಲ್ಲೂ ನಿಯಮ ಮರೆಯಬೇಡಿ. ರಾಜ ಸತ್ತ ದಿನವೇ ಅಚ್ಚು ಬದಲಾಗುವುದಿಲ್ಲ. ಈ ಅಕ್ಷರಗಳನ್ನು ಆರಂಭದ ಮಿತಿಗೆ ಬಳಸಿ, ಕೊನೆಯ ಮಿತಿಗೆ ಅಷ್ಟು ನಂಬಬೇಡಿ.

ಮೂರನೆಯದು ವಿನ್ಯಾಸ ನೋಂದಣಿ ಸಂಖ್ಯೆ. ಬ್ರಿಟಿಷ್ ವಸ್ತುಗಳ ಮೇಲೆ "ಆರ್‌ಡಿ ನಂಬರ್" ಅಂತ ಬರೆದು ಮುಂದೆ ಅಂಕಿ ಇದ್ದರೆ ಅದೃಷ್ಟ. ಈ ಸಂಖ್ಯೆ 1884ರಲ್ಲಿ 1ರಿಂದ ಶುರುವಾಯಿತು. 1890ರ ಹೊತ್ತಿಗೆ ಸುಮಾರು 1,41,000ಕ್ಕೆ, 1900ರ ಹೊತ್ತಿಗೆ ಸುಮಾರು 3,51,000ಕ್ಕೆ ಬಂದಿತ್ತು. 1842ರಿಂದ 1883ರವರೆಗೆ ಸಂಖ್ಯೆಯ ಬದಲು ವಜ್ರಾಕಾರದ ಚೌಕದ ಗುರುತು ಇತ್ತು. ಆದರೆ ಇದು ವಿನ್ಯಾಸ ನೋಂದಾಯಿಸಿದ ವರ್ಷ. ಆ ವಿನ್ಯಾಸದ ಚೂರಿಯನ್ನು ಇಪ್ಪತ್ತು ವರ್ಷ ಬಿಟ್ಟು ಕೂಡ ಮಾಡಿರಬಹುದು.

ಕೆಲವು ಚೂರಿಗಳ ಮೇಲೆ ಮಾರಿದ ಅಂಗಡಿಯ ಹೆಸರು ಇರುತ್ತದೆ: ಮದ್ರಾಸಿನದು, ಬೊಂಬಾಯಿಯದು, ಕಲ್ಕತ್ತೆಯದು. ಇಂಥವನ್ನು ಬಿಡಬೇಡಿ. ಬ್ರಿಟಿಷರ ಕಾಲದ ಥ್ಯಾಕರ್ಸ್ ಡೈರೆಕ್ಟರಿಯಂಥ ವಾರ್ಷಿಕ ಪಟ್ಟಿಗಳಲ್ಲಿ ಆ ಅಂಗಡಿ ಯಾವ ವರ್ಷ ಯಾವ ಬೀದಿಯಲ್ಲಿತ್ತು ಅಂತ ಸಿಗುತ್ತದೆ. ಹಳೆ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳು ಆನ್‌ಲೈನಿನಲ್ಲಿವೆ.

ಬೆಳ್ಳಿಯ ಅಲಗಿನ ಹಣ್ಣಿನ ಚೂರಿ ಸಿಕ್ಕರೆ ಕೆಲಸ ಸುಲಭ. ಮುತ್ತಿನ ಚಿಪ್ಪಿನ ಹಿಡಿಯ ಈ ಸಣ್ಣ ಚೂರಿಗಳ ಅಲಗಿನ ಮೇಲೆ ಬೆಳ್ಳಿಯ ಹಾಲ್‌ಮಾರ್ಕ್ ಇರುತ್ತದೆ. ನಡೆಯುವ ಸಿಂಹ ಅಂದರೆ ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ. ಕಿರೀಟ ಅಂದರೆ ಶೆಫೀಲ್ಡ್, ಲಂಗರು ಅಂದರೆ ಬರ್ಮಿಂಗ್‌ಹ್ಯಾಮ್. ಜತೆಗಿರುವ ಒಂಟಿ ಅಕ್ಷರ ವರ್ಷದ ಗುರುತು. ಪ್ರತಿ ಊರಿನ ಪಟ್ಟಿಯೂ ಬೇರೆ, ಅಕ್ಷರದ ಶೈಲಿ ಮತ್ತು ಸುತ್ತಲಿನ ಚೌಕಟ್ಟನ್ನು ಸೇರಿಸಿಯೇ ಹೊಂದಿಸಬೇಕು. ರಾಜ ಅಥವಾ ರಾಣಿಯ ತಲೆಯ ಮುದ್ರೆ ಇದ್ದರೆ ಸಾಮಾನ್ಯವಾಗಿ 1890 ಅಥವಾ ಅದಕ್ಕೆ ಮೊದಲಿನದು, ಯಾಕೆಂದರೆ ಅದು ಸುಂಕ ಕಟ್ಟಿದ ಗುರುತು, ಬೆಳ್ಳಿಯ ಸುಂಕ ಆ ವರ್ಷ ರದ್ದಾಯಿತು. ಮಡಚು ಚೂರಿಗಳಲ್ಲಿ ಒಂದೇ ವರ್ಷಕ್ಕೆ ಬೆರಳಿಟ್ಟು ತೋರಿಸಬಹುದಾದವು ತೀರಾ ಕಡಿಮೆ. ಇವು ಆ ಸಾಲಿಗೆ ಸೇರುತ್ತವೆ.

ಅಲಗಿನ ಉಕ್ಕು

ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತಯಾರಿಸಿದ್ದು 1913ರಲ್ಲಿ. ಸ್ಟೇನ್‌ಲೆಸ್ ಅಲಗಿನ ಚೂರಿ ಅದಕ್ಕಿಂತ ಮೊದಲಿನದಾಗಲು ಸಾಧ್ಯವಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆಯೇ ಅದು ಚೂರಿಗಳಲ್ಲಿ ಸಾಮಾನ್ಯವಾಯಿತು. ಜರ್ಮನಿಯ "ರೋಸ್ಟ್‌ಫ್ರೈ", ಸ್ವಿಸ್ ಮತ್ತು ಫ್ರೆಂಚ್ ಚೂರಿಗಳ "ಇನಾಕ್ಸ್" ಅಂದರೂ ಸ್ಟೇನ್‌ಲೆಸ್ಸೇ. ಮನೆಯವರು ನೂರೈವತ್ತು ವರ್ಷ ಹಳೆಯದು ಅಂತ ತೋರಿಸುವ ಚೂರಿಯ ಅಲಗಿನಲ್ಲಿ ಈ ಪದ ಕಂಡರೆ ವಾದಕ್ಕಿಳಿಯಬೇಡಿ, ಸುಮ್ನೆ ಬರೆದುಕೊಳ್ಳಿ.

ಕಾರ್ಬನ್ ಉಕ್ಕನ್ನು ಬಣ್ಣದಿಂದಲೇ ಗುರುತಿಸಬಹುದು. ಎಲೆ ಅಡಿಕೆ ಸಂಚಿಯಲ್ಲಿದ್ದ ಚೂರಿಯನ್ನು ಬೆಳಕಿಗೆ ಹಿಡಿದು ನೋಡಿ. ಹಸಿ ಅಡಿಕೆಯ ಚೊಗರು ಕಬ್ಬಿಣದ ಜತೆ ಸೇರಿ ಅಲಗಿನ ಮೇಲೆ ನೀಲಿ ಮಿಶ್ರಿತ ಕಪ್ಪು ಬಣ್ಣ ಕೂತಿರುತ್ತದೆ. ಮಾವಿನಕಾಯಿ, ಗೇರುಹಣ್ಣು ಕೊಯ್ದರೂ ಹೀಗೇ. ಈ ಕಪ್ಪು ಹಾನಿ ಮಾಡುವುದಿಲ್ಲ, ತುಕ್ಕನ್ನು ಸ್ವಲ್ಪ ತಡೆಯುತ್ತದೆ. ಒರೆಸಲು ಹೋಗಬೇಡಿ. ಕೆಂಪು ಪುಡಿ ಬರುವ ತುಕ್ಕು ಮಾತ್ರ ಅಪಾಯ.

ಅಯಸ್ಕಾಂತ ಹಿಡಿದು ಕಾರ್ಬನ್, ಸ್ಟೇನ್‌ಲೆಸ್ ಬೇರೆ ಮಾಡುತ್ತೇವೆ ಅಂತ ಕೆಲವರು ಹೊರಡುತ್ತಾರೆ. ಚೂರಿಗೆ ಬಳಸುವ ಸ್ಟೇನ್‌ಲೆಸ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಹಿಡಿಯ ತುದಿಯ ಲೋಹದ ಟೋಪಿಗೆ, ಅಂದರೆ ಬೋಲ್ಸ್ಟರಿಗೆ, ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕಬ್ಬಿಣ ಅಥವಾ ಉಕ್ಕು. ಅಂಟದೆ ಬೆಳ್ಳಿಯಂತೆ ಹೊಳೆದರೆ ಜರ್ಮನ್ ಸಿಲ್ವರ್, ಅಂದರೆ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ಇದು ಚೂರಿಗಳಲ್ಲಿ ಹತ್ತೊಂಬತ್ತನೇ ಶತಮಾನದ ನಡುಭಾಗದಿಂದ ಕಾಣುತ್ತದೆ. ಕಬ್ಬಿಣದ ಬೋಲ್ಸ್ಟರ್ ಇದ್ದ ಮಾತ್ರಕ್ಕೆ ಹಳೆಯದು ಅಂತಲ್ಲ, ಅಗ್ಗದ ಚೂರಿಗಳಲ್ಲಿ ಅದು ಆಮೇಲೂ ಉಳಿಯಿತು.

ಹಿಡಿ: ಇಲ್ಲಿ ನಿಧಾನ ಬೇಕು

ಮೂಳೆಯ ಹಿಡಿಯನ್ನು ಲೆನ್ಸಿನಲ್ಲಿ ನೋಡಿದರೆ ಸೂಜಿಮೊನೆಯಂಥ ಕಪ್ಪು ಚುಕ್ಕೆ, ಸಣ್ಣ ಗೀರು ಕಾಣುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಅವು ಇಲ್ಲ. ದಂತದಲ್ಲಿ ಚುಕ್ಕೆ ಇಲ್ಲ, ಅಡ್ಡ ಕತ್ತರಿಸಿದ ಮೈಯಲ್ಲಿ ಒಂದಕ್ಕೊಂದು ಹಾಯುವ ಬಾಗಿದ ಗೆರೆಗಳ ಬಲೆ ಇದೆ. ಮುತ್ತಿನ ಚಿಪ್ಪು ಮುಟ್ಟಿದರೆ ತಂಪು, ಓರೆ ಮಾಡಿದರೆ ಬಣ್ಣ ಬದಲಾಗುತ್ತದೆ.

ಕೊಂಬಿನ ಹಿಡಿಯ ಬಗ್ಗೆ ನಮಗೆ ವಿಶೇಷ ಆಸಕ್ತಿ ಇರಬೇಕು. ಶೆಫೀಲ್ಡಿನವರು ಚೂರಿಯ ಹಿಡಿಗೆ ಬಳಸುತ್ತಿದ್ದ ಒಳ್ಳೆಯ ಕೊಂಬು ಭಾರತದ ಕಡವೆಯದು. ನಮ್ಮ ದೇಶದ ಕಾಡಿನ ಕೊಂಬು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಚೂರಿಯ ಹಿಡಿಯಾಗಿ ಮತ್ತೆ ಇಲ್ಲಿನ ಅಂಗಡಿಗೆ ಬರುತ್ತಿತ್ತು. ಈಗ ಅಂಥ ಚೂರಿ ಕೊಳ್ಳುವ ವಿಚಾರ ಬೇರೆ, ಅದನ್ನು ಕಾನೂನಿನ ಭಾಗದಲ್ಲಿ ಬರೆದಿದ್ದೇನೆ.

ಸೆಲ್ಯುಲಾಯ್ಡ್ ಕಂಡುಹಿಡಿದದ್ದು 1870ರ ಸುಮಾರಿಗೆ. ಆಮೆ ಚಿಪ್ಪು, ದಂತ, ಮುತ್ತು ಎಲ್ಲದರ ಹಾಗೆ ಕಾಣುವ ಹಿಡಿಗಳನ್ನು ಅದರಿಂದ ಮಾಡುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲರ್ಧದ ಚೂರಿಗಳಲ್ಲಿ ಜಾಸ್ತಿ. ಬೆರಳಿನಿಂದ ಬಿಸಿಯಾಗುವಷ್ಟು ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡುವುದು ಬೇಡವೇ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಬೇಕಲೈಟ್ 1907ರ ನಂತರದ್ದು, ತಿಕ್ಕಿದರೆ ಕಾರ್ಬಾಲಿಕ್ ವಾಸನೆ. ನುಣುಪಾದ, ಕುಗ್ಗದ, ವಾಸನೆ ಇಲ್ಲದ ಡೆಲ್ರಿನ್ ಪ್ಲಾಸ್ಟಿಕ್ ಬಂದದ್ದು 1960ರ ಹೊತ್ತಿಗೆ.

ಹಿಡಿ ಬದಲಾಗಿದೆಯೇ ಅಂತ ನೋಡಲು ಪಿನ್ನುಗಳ ತಲೆ ಗಮನಿಸಿ. ಮೂಲ ಪಿನ್ನು ಬಡಿದು ಸಮ ಮಾಡಿದ್ದು, ಬೆರಳು ಸವರಿದರೆ ಗೊತ್ತೇ ಆಗುವುದಿಲ್ಲ. ಅಂಟು ಹೊರಬಂದಿದ್ದರೆ, ಸ್ಕ್ರೂ ಇದ್ದರೆ, ಹಿಡಿ ಬೋಲ್ಸ್ಟರಿಗಿಂತ ಎತ್ತರ ಇದ್ದರೆ ಆಮೇಲೆ ಹಾಕಿದ್ದು. ಹಳೆ ಮೂಳೆ ಒಣಗಿ ಕುಗ್ಗುವುದರಿಂದ ಬೋಲ್ಸ್ಟರಿನ ಹತ್ತಿರ ಕೂದಲೆಳೆಯ ಸಂದಿ ಇರುವುದು ಸಹಜ. ಊರಿನ ಆಚಾರಿ ಬೀಟಿ ಮರದಿಂದ ಹೊಸ ಹಿಡಿ ಹಾಕಿಕೊಟ್ಟ ಚೂರಿ ಸಿಕ್ಕರೆ ಬೇಸರ ಮಾಡಬೇಡಿ. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಕಡಿಮೆ, ಆದರೆ ನನ್ನ ಪ್ರಕಾರ ಊರಿನ ಚರಿತ್ರೆಗೆ ಅದೇ ಹೆಚ್ಚು ಬೆಲೆಯದು.

ಒಂದು ಚೂರಿಯನ್ನು ಪೂರ್ತಿ ಓದೋಣ

ನನ್ನ ಸಂಗ್ರಹದಲ್ಲಿರುವ ಒಂದು ಚೂರಿ ತೆಗೆದುಕೊಳ್ಳೋಣ. ಬದಿಯಡ್ಕ ಕಡೆಯ ಒಂದು ಮನೆಯ ಎಲೆ ಅಡಿಕೆ ಸಂಚಿಯದು. ಎರಡು ಅಲಗು, ಮೂಳೆಯ ಹಿಡಿ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ದೊಡ್ಡ ಅಲಗಿನ ಬುಡದಲ್ಲಿ ನಕ್ಷತ್ರ, ಶಿಲುಬೆ. ಕೆಳಗೆ ಜೋಸೆಫ್ ರಾಜರ್ಸ್ ಆ್ಯಂಡ್ ಸನ್ಸ್, ಅದರ ಕೆಳಗೆ ಕಟ್ಲರ್ಸ್ ಟು ಹಿಸ್ ಮೆಜೆಸ್ಟಿ, ಕೊನೆಗೆ ಶೆಫೀಲ್ಡ್, ಇಂಗ್ಲೆಂಡ್. ಮನೆಯವರ ಪ್ರಕಾರ ನೂರೈವತ್ತು ವರ್ಷ ಹಳೆಯದು.

"ಹಿಸ್ ಮೆಜೆಸ್ಟಿ" ಅಂದರೆ ರಾಜನ ಕಾಲ. ಒಂದೋ 1837ಕ್ಕೆ ಮೊದಲು, ಇಲ್ಲ 1901ರ ನಂತರ. "ಇಂಗ್ಲೆಂಡ್" ಅಂತ ಇರುವುದರಿಂದ 1890ಕ್ಕೆ ಮೊದಲು ಹೋಗುವುದು ಕಷ್ಟ. ಹಾಗಾದರೆ 1901ರ ನಂತರವೇ. ಬೋಲ್ಸ್ಟರ್ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಜರ್ಮನ್ ಸಿಲ್ವರ್. ಅಲಗು ಕಾರ್ಬನ್ ಉಕ್ಕು, ಅಡಿಕೆಯ ಕಪ್ಪು ಕೂತಿದೆ. ಕಾರ್ಬನ್ ಉಕ್ಕಿನ ಬಳಕೆ ಆಮೇಲೂ ನಿಲ್ಲಲಿಲ್ಲ, ಹಾಗಾಗಿ ಇದರಿಂದ ಕೊನೆಯ ಮಿತಿ ಸಿಗುವುದಿಲ್ಲ. ಮುದ್ರೆಯ ಪ್ರಕಾರ 1952ರವರೆಗೂ ಆಗಬಹುದು.

ಕೊನೆಯ ಮಿತಿ ಕೊಟ್ಟದ್ದು ಮನೆಯವರೇ. ಬೋಲ್ಸ್ಟರಿನ ಮೇಲೆ ಮೊಳೆಯಲ್ಲಿ ಗೀರಿದ ಎರಡು ಕನ್ನಡ ಅಕ್ಷರ ಇವೆ. ಅವು ಆ ಮನೆಯ ಅಜ್ಜನ ಹೆಸರಿನವು. ಆ ಅಜ್ಜ ತೀರಿಕೊಂಡದ್ದು 1941ರಲ್ಲಿ. ಗೀರಿನ ತಳದಲ್ಲೂ ಅದೇ ಹಳೆ ಕೊಳೆ, ಅದೇ ಬಣ್ಣ ಇದೆ, ಹೊಸದಾಗಿ ಗೀರಿದ್ದಲ್ಲ. ಅಲ್ಲಿಗೆ ಈ ಚೂರಿ 1901ರಿಂದ 1941ರ ನಡುವಿನದು. ಸಣ್ಣ ಅಲಗು ಅರ್ಧಕ್ಕರ್ಧ ಸವೆದಿದೆ. ವೀಳ್ಯದೆಲೆಯ ತೊಟ್ಟು, ನಾರು ತೆಗೆಯಲು ಅದನ್ನೇ ಬಳಸುತ್ತಿದ್ದರು ಅಂತ ಮನೆಯವರು ಹೇಳಿದರು. ದೊಡ್ಡ ಅಲಗು ಅಷ್ಟು ಸವೆದಿಲ್ಲ.

ಚೂರಿಯಿಂದ ಆರಂಭದ ಮಿತಿ, ಮನೆಯ ನೆನಪಿನಿಂದ ಕೊನೆಯ ಮಿತಿ. ಕಾಸರಗೋಡಿನಂಥ ಊರಿನಲ್ಲಿ ಇವೆರಡೂ ಒಟ್ಟಿಗೆ ಸಿಗುತ್ತವೆ. ದೊಡ್ಡ ನಗರದ ಹರಾಜಿನಲ್ಲಿ ಕೊಂಡವರಿಗೆ ಈ ಭಾಗ್ಯ ಇಲ್ಲ.

ಸೇನೆಯ ಚೂರಿ, ಕಸಿ ಚೂರಿ, ಗಲ್ಫಿನ ಚೂರಿ

ಎರಡನೇ ಮಹಾಯುದ್ಧದ ಬ್ರಿಟಿಷ್ ಸೇನೆಯ ಮಡಚು ಚೂರಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಪ್ಪು ಚೌಕುಳಿ ಹಿಡಿ, ದಪ್ಪ ಅಲಗು, ಡಬ್ಬಿ ತೆರೆಯುವ ಉಪಕರಣ, ಕೆಲವದರಲ್ಲಿ ಹಗ್ಗ ಬಿಡಿಸುವ ಉದ್ದನೆಯ ಮೊಳೆ. ಲೋಹದ ಭಾಗದಲ್ಲಿ ಅಗಲ ಬಾಣದ ಸರಕಾರಿ ಗುರುತು, ಜತೆಗೆ ಎಷ್ಟೋ ಸಲ ತಯಾರಾದ ವರ್ಷವೂ ಇರುತ್ತದೆ. ಬಾಣದ ಜತೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಭಾರತ ಸರಕಾರದ ಸೊತ್ತು. ಮನೆಯಲ್ಲಿ ಇಂಥ ಚೂರಿ ಇದೆ ಅಂದ ಮಾತ್ರಕ್ಕೆ ಮನೆಯಲ್ಲಿ ಸೈನಿಕರಿದ್ದರು ಅಂತ ಬರೆಯಬೇಡಿ. ಯುದ್ಧ ಮುಗಿದ ಮೇಲೆ ಸೇನೆಯ ಸಾಮಾನು ಡಿಸ್ಪೋಸಲ್ ಮಾಲಾಗಿ ಪೇಟೆಗೆ ಬಂದಿತ್ತು.

ಕಸಿ ಕಟ್ಟುವ ಚೂರಿಗಳನ್ನು ಜನ ಗಮನಿಸುವುದೇ ಇಲ್ಲ. ಮದ್ರಾಸ್ ಸರಕಾರ 1916ರಲ್ಲೇ ತೆಂಗಿನ ಸಂಶೋಧನಾ ಕೇಂದ್ರ ತೆರೆದ ಊರು ನಮ್ಮದು, ಇವತ್ತಿನ ಸಿಪಿಸಿಆರ್‌ಐ ಅದೇ. ತೋಟಗಾರಿಕೆಯಲ್ಲಿ ಆಸಕ್ತಿ ಇದ್ದ ಮನೆಗಳಲ್ಲಿ ಇಂಥ ಉಪಕರಣ ಹುಡುಕಿ. ಅಲಗು ನೇರ, ತುದಿಯಲ್ಲಿ ತೊಗಟೆ ಬಿಡಿಸಲು ಮೂಳೆಯ ಅಥವಾ ಹಿತ್ತಾಳೆಯ ಚಪ್ಪಟೆ ನಾಲಗೆ ಇರುತ್ತದೆ. ಜರ್ಮನಿಯ ಟೀನಾ, ಶೆಫೀಲ್ಡಿನ ಸೇನರ್ ಹೆಸರುಗಳಿಗೆ ಕಣ್ಣಿಡಿ.

ಗಲ್ಫಿನಿಂದ ಬಂದವು ಸಾಮಾನ್ಯವಾಗಿ 1970ರ ನಂತರದವು. ಅವುಗಳಲ್ಲಿ ಸ್ವಿಸ್ ಚೂರಿಗಳ ಕಾಲ ಹೇಳುವುದು ಸುಲಭ. ಕಾರ್ಲ್ ಎಲ್ಸೆನರ್ ಕಾರ್ಖಾನೆ ಶುರುವಾದದ್ದು 1884ರಲ್ಲಿ, ಅಧಿಕಾರಿಗಳ ಚೂರಿ ನೋಂದಣಿಯಾದದ್ದು 1897ರಲ್ಲಿ. ವಿಕ್ಟೋರಿಯಾ ಅನ್ನುವ ತಾಯಿಯ ಹೆಸರು ಸೇರಿದ್ದು 1909ರಲ್ಲಿ. 1921ರಲ್ಲಿ ಸ್ಟೇನ್‌ಲೆಸ್ ಬಂದ ಮೇಲೆ ವಿಕ್ಟೋರಿನಾಕ್ಸ್ ಆಯಿತು. ಅಲ್ಯುಮಿನಿಯಂ ಹಿಡಿಯ ಸೈನಿಕ ಚೂರಿ 1961ರಿಂದ 2008ರವರೆಗಿನದು, ಬುಡದಲ್ಲಿ ವರ್ಷದ ಕೊನೆಯ ಎರಡು ಅಂಕಿ ಇರುತ್ತದೆ. ಫ್ರಾನ್ಸಿನ ಒಪಿನೆಲ್ ಚೂರಿಯಲ್ಲಿ ತಿರುಗಿಸಿ ಬಿಗಿ ಮಾಡುವ ಉಂಗುರ ಇದ್ದರೆ 1955ರ ನಂತರದ್ದು.

ಮೋಸ ಹೋಗದಿರಲು

ಹೆಸರಿನ ಕಾಗುಣಿತ ಒಂದೊಂದೇ ಅಕ್ಷರವಾಗಿ ನೋಡಿ. ರಾಜರ್ಸ್ ಹೆಸರನ್ನು ಒಂದು ಅಕ್ಷರ ಬಿಟ್ಟು, ಒಂದು ಸೇರಿಸಿ ಅನುಕರಿಸಿದವರು ಬಹಳ. ರಾಜರ್ಸ್ ಕಂಪನಿ 1971ರಲ್ಲಿ ಶೆಫೀಲ್ಡಿನದೇ ವೋಸ್ಟನ್‌ಹೋಮ್ ಕಂಪನಿಯ ಜತೆ ಸೇರಿತು. ಹೆಸರು ಬೇರೆಯವರ ಕೈಗೆ ಹೋಗಿ ಇವತ್ತಿಗೂ ಬಳಕೆಯಲ್ಲಿದೆ. ಅಂದರೆ ಅಸಲಿ ರಾಜರ್ಸ್ ಮುದ್ರೆಯೂ ಹಳೆಯದು ಅನ್ನುವುದಕ್ಕೆ ಸಾಕಾಗುವುದಿಲ್ಲ.

ತುಕ್ಕಿನ ಗುಳಿಯನ್ನೂ ಮುದ್ರೆಯನ್ನೂ ಒಟ್ಟಿಗೆ ಲೆನ್ಸಿನಲ್ಲಿ ನೋಡಿ. ಅಸಲಿಯಲ್ಲಿ ಗುಳಿ ಅಕ್ಷರವನ್ನೂ ತಿಂದಿರುತ್ತದೆ. ಗುಳಿಗಳ ಮೇಲೆ ಚೂಪಾದ, ಹೊಸ ಅಕ್ಷರ ಇದ್ದರೆ ಅದು ಈಚೆಗೆ ಒತ್ತಿದ್ದು. ಹಿತ್ತಾಳೆ ಹಿಡಿಯ ಮೇಲೆ "ಈಸ್ಟ್ ಇಂಡಿಯಾ ಕಂಪನಿ" ಅಂತ ದೊಡ್ಡದಾಗಿ ಬರೆದು, ಕೆಳಗೆ ಹಳೆ ಇಸವಿ ಕೆತ್ತಿದ್ದರೆ ದೂರ ಇರಿ. ಅಂಥ ಮಾಲು ಪ್ರವಾಸಿಗಳಿಗೆಂದೇ ಹೊಸದಾಗಿ ತಯಾರಾಗುತ್ತದೆ.

ಅಲಗು ಎಷ್ಟು ಉಳಿದಿದೆ ಅಂತಲೂ ನೋಡಿ. ಮಡಚಿದಾಗ ತುದಿ ಹಿಡಿಯ ಕೊನೆಯ ಹತ್ತಿರ ಬರಬೇಕು. ತುಂಬಾ ಹಿಂದೆಯೇ ನಿಂತರೆ ಅಲಗು ಮುರಿದು ಮತ್ತೆ ಮಸೆದದ್ದು. ಬೆಲೆಯ ಬಗ್ಗೆ ಇಷ್ಟೇ ಹೇಳುತ್ತೇನೆ: ಪೂರ್ತಿ ಅಲಗು, ಬಿರುಕಿಲ್ಲದ ಹಿಡಿ, ಓದಲು ಬರುವ ಮುದ್ರೆ, ಗಟ್ಟಿ ಸ್ಪ್ರಿಂಗ್, ಇದೇ ಕ್ರಮದಲ್ಲಿ ನೋಡಿ. ಮನೆಯವರಿಂದ ಕೊಳ್ಳುವಾಗ ನಿಮಗೆ ಗೊತ್ತಿರುವ ಬೆಲೆಯನ್ನು ಅವರಿಗೂ ಹೇಳಿ. ಒಂದು ಮನೆಯಲ್ಲಿ ಮೋಸ ಮಾಡಿದ್ದು ಇಡೀ ಊರಿಗೆ ತಿಳಿಯುತ್ತದೆ, ಆಮೇಲೆ ಯಾವ ಅಟ್ಟವೂ ತೆರೆಯುವುದಿಲ್ಲ.

ಕಾನೂನು

ದಂತ, ಕಡವೆ ಕೊಂಬು, ಆಮೆ ಚಿಪ್ಪಿನ ಹಿಡಿ ಇರುವ ಚೂರಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಹಳೆಯದು ಅನ್ನುವುದು ಸಬೂಬಾಗುವುದಿಲ್ಲ. ಕೊಳ್ಳಬೇಡಿ, ಮಾರಬೇಡಿ. ನಿಮ್ಮ ಮನೆಯಲ್ಲೇ ಇದ್ದರೆ ಅರಣ್ಯ ಇಲಾಖೆಯವರನ್ನು ಕೇಳಿ ಮುಂದುವರಿಯಿರಿ.

ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸಬಹುದು. ಅಂಥವನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ಹೊರದೇಶಕ್ಕೆ ಒಯ್ಯುವಂತಿಲ್ಲ. ಗಲ್ಫಿನಲ್ಲಿರುವ ಮಗನಿಗೆ ಅಜ್ಜನ ಚೂರಿ ಕಳಿಸುವ ಮೊದಲು ಇದನ್ನು ಯೋಚಿಸಿ. ಆಯುಧಗಳ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಬರುತ್ತದೆ. ಜೇಬಿನ ಚೂರಿ ಅಷ್ಟು ದೊಡ್ಡದಿರುವುದಿಲ್ಲ. ಹಾಗಂತ ಜಾತ್ರೆಗೆ, ಸಭೆಗೆ ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ.

ನಮ್ಮ ಮಳೆಗಾಲಕ್ಕೆ ತಕ್ಕ ಆರೈಕೆ

ವಿದೇಶದ ಪುಸ್ತಕಗಳು ಹೇಳುವ ಆರೈಕೆ ಇಲ್ಲಿಗೆ ಸಾಲುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬಟ್ಟೆಗೇ ಬೂಸಲು ಬರುತ್ತದೆ, ಅಲ್ವಾ? ಮಂಜೇಶ್ವರ, ಉಪ್ಪಳ, ಬೇಕಲದಂಥ ಕಡಲ ಬದಿಯ ಊರುಗಳಲ್ಲಿ ಉಪ್ಪಿನ ಗಾಳಿ ಬೇರೆ.

ಮೇ ತಿಂಗಳ ಕೊನೆಗೆ ಎಲ್ಲಾ ಚೂರಿ ಹೊರತೆಗೆಯಿರಿ. ಕೆಂಪು ತುಕ್ಕು ಕಂಡಲ್ಲಿ ಮಾತ್ರ ಎಣ್ಣೆ ಹಚ್ಚಿ, ತೀರಾ ನುಣುಪಾದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ತಿಕ್ಕಿ. ಮುದ್ರೆಯ ಹತ್ತಿರ ಅದನ್ನೂ ತರಬೇಡಿ. ಹಿತ್ತಾಳೆಯ ಹಸಿರು ಕಿಲುಬನ್ನು ಹಲ್ಲುಕಡ್ಡಿಯಿಂದ ಕೆರೆಯಿರಿ. ಆಮೇಲೆ ಅಲಗಿಗೆ, ಕೀಲಿಗೆ ಮಿಷನ್ ಎಣ್ಣೆಯ ತೆಳು ಪದರ. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಅಂತ ಅದನ್ನು ಹಚ್ಚಬೇಡಿ. ಅದು ಕಮಟು ಹಿಡಿದು ಆಮ್ಲವಾಗುತ್ತದೆ, ಇರುವೆಯೂ ಬರುತ್ತದೆ. ಕೊನೆಗೆ ಬೆರಳಿನ ಬೆವರಿನ ಗುರುತು ಒರೆಸಿ ಮುಚ್ಚಿ.

ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬಣ್ಣ ಬದಲಾಯಿಸುವ ಕಿತ್ತಳೆ ಕಾಳು ಒಳ್ಳೆಯದು, ತೇವ ಹೀರಿದ್ದು ಕಣ್ಣಿಗೆ ಕಾಣುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಚರ್ಮ ಹದ ಮಾಡಿದ ರಾಸಾಯನಿಕ ಲೋಹವನ್ನು ತಿನ್ನುತ್ತದೆ. ಸೆಲ್ಯುಲಾಯ್ಡ್ ಹಿಡಿಯ ಚೂರಿ ಮಾತ್ರ ಬೇರೆ, ಗಾಳಿ ಆಡುವ ಜಾಗದಲ್ಲಿ. ಅದು ಹಾಳಾಗುವಾಗ ಬಿಡುವ ಆಮ್ಲದ ಆವಿ ಪಕ್ಕದ ಚೂರಿಗಳಿಗೂ ತುಕ್ಕು ತರಿಸುತ್ತದೆ. ಹಿಡಿ ಬೆವರಿದಂತೆ ಅಂಟಂಟಾದರೆ, ಸಣ್ಣ ಬಿರುಕಿನ ಬಲೆ ಬಿದ್ದರೆ ಅದರ ಶುರು ಅಂತ ತಿಳಿಯಿರಿ.

ದಾಖಲೆ

ಪ್ರತಿ ಚೂರಿಗೂ ಒಂದು ಪುಟ. ಮಡಚಿದಾಗಿನ ಉದ್ದ ಮಿಲಿಮೀಟರಿನಲ್ಲಿ, ಅಲಗುಗಳ ಸಂಖ್ಯೆ, ಹಿಡಿಯ ವಸ್ತು, ಮುದ್ರೆಯ ಸಾಲುಗಳು. ಅದರ ಕೆಳಗೆ ಮೂರು ಭಾಗ ಮಾಡಿ. ಕಣ್ಣಿಗೆ ಕಂಡದ್ದು ಒಂದು ಕಡೆ, ಮನೆಯವರು ಹೇಳಿದ್ದು ಇನ್ನೊಂದು ಕಡೆ, ನೀವು ತೀರ್ಮಾನಿಸಿದ್ದು ಮತ್ತೊಂದು ಕಡೆ. ಈ ಮೂರನ್ನು ಕಲಸಬೇಡಿ. ಕಾಲವನ್ನು ಒಂದೇ ವರ್ಷವಾಗಿ ಬರೆಯದೆ ಎರಡು ವರ್ಷಗಳ ನಡುವೆ ಬರೆಯಿರಿ, ಪಕ್ಕದಲ್ಲಿ ಕಾರಣ ಇರಲಿ: "1901ರಿಂದ 1941, ಹಿಸ್ ಮೆಜೆಸ್ಟಿ ಮತ್ತು ಇಂಗ್ಲೆಂಡ್ ಮುದ್ರೆ, ಅಜ್ಜ ತೀರಿಕೊಂಡ ವರ್ಷ."

ಮನೆಯ ಹಿರಿಯರು ಹೇಳುವಾಗ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಚೂರಿ ನಿಮ್ಮ ಕೈಗೆ ಬರದಿದ್ದರೂ ಪುಟ ಬರೆದಿಡಿ, ಒಂದು ಪ್ರತಿ ಅವರಿಗೂ ಕೊಡಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಮಳೆಗಾಲದಲ್ಲಿ ಪೆನ್ನಿನ ಶಾಯಿ ಹರಡುತ್ತದೆ. ಚೀಟಿಯನ್ನು ಚೂರಿಗೆ ಅಂಟಿಸದೆ ಡಬ್ಬಿಯೊಳಗೆ ಇಡಿ. ಮುಂದೆ ಹೊಸ ಸುಳಿವು ಸಿಕ್ಕಿ ತೀರ್ಮಾನ ಬದಲಾದರೆ ಹಳೆ ಸಾಲನ್ನು ಅಳಿಸಬೇಡಿ, ಕೆಳಗೆ ದಿನಾಂಕ ಹಾಕಿ ಹೊಸದನ್ನು ಸೇರಿಸಿ.